ಪಾಸಾದೆ ಅಂದುಕೊಂಡ ತಂಗಿಗೆ

ಮೈಸೂರು

ಪ್ರೀತಿಯ ಪುಟ್ಟಿ,

ನಿನ್ನ ಆಫೀಸಿನ ಕ್ಯಾಂಪಿನಲ್ಲಿ ಕೊಟ್ಟ ಚೀಟಿಯ ಫೋಟೋ ನೋಡಿದೆ. ‘ರ‍್ಯಾಂಡಮ್ ಶುಗರ್ 128, ನಾರ್ಮಲ್’ ಎಂದಿತ್ತು. ಕೆಳಗೆ ನೀನು ‘ಅಕ್ಕಾ, ನಾನು ಪಾಸ್’ ಅಂತ ಬರೆದಿದ್ದೆ. ಓದಿ ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಫೋನಿನಲ್ಲಿ ಹೇಳೋಣ ಅಂದರೆ ಎರಡು ಮೀಟಿಂಗುಗಳ ನಡುವೆ ‘ಆಯ್ತಕ್ಕ, ಆಯ್ತಕ್ಕ’ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಭಾನುವಾರ ಮಧ್ಯಾಹ್ನ ಮಗಳು ಮಲಗಿದ ಮೇಲೆ ಓದು.

ಮೊದಲು ಆ 128ರ ವಿಷಯ. ಅದು ಬೆರಳ ತುದಿಯ ಒಂದು ಹನಿ ರಕ್ತದಲ್ಲಿ, ಆ ಗಳಿಗೆಯಲ್ಲಿ ಇದ್ದ ಸಕ್ಕರೆ. ನೀನು ತಿಂಡಿ ತಿಂದು ಎಷ್ಟು ಹೊತ್ತಾಗಿತ್ತು, ಏನು ತಿಂದಿದ್ದೆ, ಕಾಫಿಗೆ ಸಕ್ಕರೆ ಹಾಕಿದ್ದೆಯೋ ಇಲ್ಲವೋ, ಯಾರೂ ಕೇಳಿರಲಿಕ್ಕಿಲ್ಲ. ಸರ್ಕಾರದ ತಪಾಸಣೆಯಲ್ಲಿ ನಾವು ನರ್ಸುಗಳೂ ಇದೇ ಬೆರಳಿನ ಪರೀಕ್ಷೆ ಮಾಡುತ್ತೇವೆ. 140 ದಾಟಿದವರನ್ನು ಮುಂದಿನ ಪರೀಕ್ಷೆಗೆ ಕಳಿಸುತ್ತೇವೆ. ಜನಜಂಗುಳಿಯಲ್ಲಿ ಯಾರನ್ನು ಮೊದಲು ಹಿಡಿಯಬೇಕು ಎಂದು ಗೊತ್ತುಮಾಡಿಕೊಳ್ಳಲು ಅದು ಒಳ್ಳೆಯ ಉಪಾಯ. ಆದರೆ ಸಿಕ್ಕಿಬೀಳದವರಿಗೆ ‘ನಿಮಗೇನೂ ಇಲ್ಲ’ ಎಂದು ಬರೆದುಕೊಡುವ ಅಧಿಕಾರ ಆ ಯಂತ್ರಕ್ಕಿಲ್ಲ. ಬೇರೆ ಯಾರೋ ಆಗಿದ್ದರೆ ಇಷ್ಟಕ್ಕೇ ಸುಮ್ಮನಾಗುತ್ತಿದ್ದೆನೇನೋ. ನಿನ್ನ ವಿಷಯದಲ್ಲಿ ಸುಮ್ಮನಾಗಲಾರೆ.

ಬಸುರಿಯಾಗಿದ್ದಾಗ ನಿನಗೆ ಒಂದು ಲೋಟ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಕೂರಿಸಿದ್ದರು, ನೆನಪಿದೆಯಾ? ವಾಂತಿ ಬರುವಷ್ಟು ಸಿಹಿ ಅಂತ ಮುಖ ಕಿವಿಚಿದ್ದೆ. ಅದರಲ್ಲಿ 75 ಗ್ರಾಂ ಗ್ಲೂಕೋಸ್ ಇರುತ್ತದೆ. ಎರಡು ಗಂಟೆಯ ನಂತರ 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಮ್ಮ ದೇಶದ ಪದ್ಧತಿಯಲ್ಲಿ ಅದನ್ನು ಗರ್ಭಿಣಿಯರ ಸಕ್ಕರೆ ಕಾಯಿಲೆ ಅನ್ನುತ್ತಾರೆ. ನಿನ್ನದು ದಾಟಿತ್ತು. ಊಟ ಬದಲಾಯಿಸಿದೆ, ದಿನಾ ನಡೆದೆ, ಹೆರಿಗೆ ಸುಸೂತ್ರವಾಯಿತು, ಶುಗರ್ ತಾನಾಗಿಯೇ ಇಳಿಯಿತು. ಡಿಸ್ಚಾರ್ಜ್ ಚೀಟಿಯಲ್ಲಿ ‘ಆರು ವಾರದ ನಂತರ ಮತ್ತೆ ಪರೀಕ್ಷೆ’ ಎಂದು ಬರೆದಿದ್ದರು. ಆ ಆರನೇ ವಾರದಲ್ಲಿ ಮನೆಯಲ್ಲಿ ನಾಮಕರಣದ ಗಡಿಬಿಡಿ, ಮಗುವಿನ ಲಸಿಕೆ, ನಿನ್ನ ನಿದ್ದೆಗೆಟ್ಟ ರಾತ್ರಿಗಳು. ಮಗುವಿನ ತೂಕ ಎಷ್ಟು ಅಂತ ಎಲ್ಲರೂ ಕೇಳಿದರು. ತಾಯಿಯ ರಕ್ತದಲ್ಲಿ ಏನಾಗಿದೆ ಅಂತ ಯಾರೂ ಕೇಳಲಿಲ್ಲ. ಇದು ನಮ್ಮ ಮನೆಯೊಂದರ ಕಥೆಯಲ್ಲ. ನಮ್ಮ ಆರೋಗ್ಯ ಕೇಂದ್ರದಲ್ಲಿ ಹೆರಿಗೆಯಾಗಿ ಹೋದ ಹೆಂಗಸರು ಲಸಿಕೆಯ ದಿನ ಮಗುವನ್ನು ಎತ್ತಿಕೊಂಡು ತಪ್ಪದೆ ಬರುತ್ತಾರೆ. ‘ನಿನಗೂ ಒಂದು ಟೆಸ್ಟ್ ಮಾಡಿಸೋಣ ಬಾರಮ್ಮ’ ಅಂದರೆ, ‘ನನಗೇನಾಗಿದೆ ಸಿಸ್ಟರ್, ಚೆನ್ನಾಗೇ ಇದ್ದೀನಲ್ಲ’ ಅನ್ನುತ್ತಾರೆ.

ಗರ್ಭಿಣಿಯಾಗಿದ್ದಾಗ ಶುಗರ್ ಬಂದ ಹೆಂಗಸಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಂಭವ, ಬಾರದವರಿಗಿಂತ ಏಳರಿಂದ ಹತ್ತು ಪಟ್ಟು ಹೆಚ್ಚು. ನಿನ್ನನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಬಸುರಿನಲ್ಲಿ ದೇಹಕ್ಕೆ ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ. ನಿನ್ನ ಮೇದೋಜೀರಕ ಗ್ರಂಥಿಗೆ ಅಷ್ಟನ್ನು ಒದಗಿಸಲು ಆಗಲಿಲ್ಲ. ಒಂದು ಮಹಡಿಗೆ ಸಾಕಾಗುವ ಪಂಪು ಎರಡನೇ ಮಹಡಿಗೆ ನೀರೇರಿಸಲು ಏದುಸಿರು ಬಿಟ್ಟ ಹಾಗೆ. ಹೆರಿಗೆಯಾದ ಮೇಲೆ ಭಾರ ಇಳಿಯಿತು, ಪಂಪು ಮಾತ್ರ ಅದೇ. ಅದರ ಶಕ್ತಿ ಎಷ್ಟು ಅಂತ ನಿನಗೆ ಇಪ್ಪತ್ತೊಂಬತ್ತನೇ ವಯಸ್ಸಿಗೇ ತಿಳಿದುಹೋಯಿತು. ಗಂಡಸರಿಗೆ ಇಂಥ ಮುನ್ಸೂಚನೆ ಸಿಗುವುದೇ ಇಲ್ಲ.

‘ನಾನು ಸಣ್ಣಗಿದ್ದೀನಲ್ಲಕ್ಕ’ ಅನ್ನುತ್ತೀಯ. ಪುಣೆಯ ಡಾ. ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಸ್ನೇಹಿತ ಡಾ. ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಎತ್ತರಕ್ಕೆ ತೂಕದ ಲೆಕ್ಕದಲ್ಲಿ ಇಬ್ಬರೂ ಸರಿಸಮ, ಬಿಎಂಐ 22.3. ಕೊಬ್ಬನ್ನು ಅಳೆದರೆ ಯುಡ್ಕಿನ್ ಮೈಯಲ್ಲಿ ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ನೋಡಲು ತೆಳ್ಳಗಿರುವ ನಮ್ಮವರ ಹೊಟ್ಟೆಯೊಳಗೆ, ಯಕೃತ್ತಿನ ಸುತ್ತಮುತ್ತ ಕೊಬ್ಬು ಅವಿತು ಕೂತಿರುತ್ತದೆ, ಸ್ನಾಯು ಕಡಿಮೆ ಇರುತ್ತದೆ. ಅದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೇ ತೂಕ ಹೆಚ್ಚು ಅನ್ನುತ್ತಾರೆ, 25 ದಾಟಿದರೆ ಬೊಜ್ಜು. ಸೀರೆ ಉಟ್ಟರೆ ಚೆನ್ನಾಗಿ ಕಾಣುತ್ತೀಯ ಅಂತ ನಾಲ್ಕು ಜನ ಹೇಳಿದ್ದು ವೈದ್ಯಕೀಯ ಪುರಾವೆ ಆಗುವುದಿಲ್ಲ ಪುಟ್ಟಿ.

ಟೇಪು ತಗೋ. ಜೀನ್ಸಿನ ಬೆಲ್ಟು ಕೂರುವ ಜಾಗದಲ್ಲಿ ಅಳೆಯಬೇಡ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಬಟ್ಟೆ ಸರಿಸಿ, ಉಸಿರು ಬಿಟ್ಟ ಮೇಲೆ ಅಳೆ. ಹೊಟ್ಟೆ ಒಳಗೆಳೆದುಕೊಳ್ಳಬೇಡ, ಯಾರೂ ನೋಡುತ್ತಿಲ್ಲ.

ಈಗ ಒಂದು ಲೆಕ್ಕ ಹೇಳುತ್ತೇನೆ. ನಗರದ ದೊಡ್ಡವರಲ್ಲಿ ಯಾರಿಗೆ ಅಪಾಯ ಹೆಚ್ಚು ಎಂದು ರಕ್ತ ತೆಗೆಯದೆಯೇ ತಿಳಿಯಲು ಚೆನ್ನೈನ ಡಾ. ವಿ. ಮೋಹನ್ ಮತ್ತು ಅವರ ಬಳಗ 2005ರಲ್ಲಿ ಇದನ್ನು ಹೆಣೆದರು. ಹೆಸರು ‘ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್’. ಚೆನ್ನೈ ನಗರದಲ್ಲಿ 26,001 ಜನರನ್ನು ನೋಡಿದ ದೊಡ್ಡ ಅಧ್ಯಯನದ ಕೂಸು ಅದು. ಕೇಳುವುದು ನಾಲ್ಕೇ ಸಂಗತಿ: ವಯಸ್ಸು, ಸೊಂಟದ ಸುತ್ತಳತೆ, ಮೈಬಗ್ಗಿಸುವ ಕೆಲಸ, ತಂದೆತಾಯಿಯ ಕಾಯಿಲೆ. ನಿನ್ನದನ್ನು ನಾನೇ ಕೂಡಿಸಿದೆ. ನಿನಗೆ 37, ಅಂದರೆ 35ರಿಂದ 49ರ ಗುಂಪು, ಅದಕ್ಕೆ 20. ಅಪ್ಪನಿಗೆ ಶುಗರ್ ಇತ್ತು, ಅಮ್ಮನಿಗಿಲ್ಲ, ಅದಕ್ಕೆ 10. ಇಬ್ಬರಿಗೂ ಇದ್ದಿದ್ದರೆ 20 ಆಗುತ್ತಿತ್ತು. ಸೊಂಟ ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಹೋದ ಸಲ ಬ್ಲೌಸಿಗೆ ಅಳತೆ ಕೊಡುವಾಗ ನಿನ್ನದು 84 ಇತ್ತು, ಅದಕ್ಕೆ 10. ಬೆಳಿಗ್ಗೆ ಕ್ಯಾಬು, ದಿನವಿಡೀ ಕುರ್ಚಿ, ಸಂಜೆ ಕ್ಯಾಬು, ಲಿಫ್ಟು, ಸೋಫಾ. ವ್ಯಾಯಾಮವೂ ಇಲ್ಲ, ಕೂತು ಮಾಡುವ ಕೆಲಸ, ಅದಕ್ಕೆ ಇರುವ ಪೂರ್ತಿ 30. ಒಟ್ಟು 70. ಅರವತ್ತು ಮುಟ್ಟಿದರೆ ಅಪಾಯ ಹೆಚ್ಚು ಎಂದು ಅರ್ಥ.

ನಿನ್ನ ಯಜಮಾನರದೂ ಲೆಕ್ಕ ಹಾಕಿದೆ, ಬೇಜಾರು ಮಾಡಿಕೊಳ್ಳಬೇಡಿ ಅಂತ ಹೇಳು. ಅವರ ಅಪ್ಪ ಅಮ್ಮ ಇಬ್ಬರೂ ಮಾತ್ರೆ ನುಂಗುವವರು. ಗಂಡಸರಿಗೆ ಸೊಂಟದ ಗಡಿ 90. ಅವರೂ ಅರವತ್ತು ದಾಟುತ್ತಾರೆ.

ಈ ಅಂಕ ಬಂತೆಂದರೆ ಕಾಯಿಲೆ ಬಂತು ಅಂತಲ್ಲ. ಸಕ್ಕರೆ ಕಾಯಿಲೆ ಇರುವ ನೂರು ಜನರಲ್ಲಿ ಸುಮಾರು 72 ಜನರನ್ನು ಅದು ಗುರುತಿಸುತ್ತದೆ. ಇಲ್ಲದ ನೂರು ಜನರಲ್ಲಿ ನಲವತ್ತು ಜನರಿಗೂ ಬೆರಳು ತೋರಿಸುತ್ತದೆ. ಯಾರು ರಕ್ತ ಕೊಡಲು ಮೊದಲು ಸಾಲಿನಲ್ಲಿ ನಿಲ್ಲಬೇಕು ಎಂದು ಹೇಳುವುದಷ್ಟೇ ಅದರ ಕೆಲಸ, ಅದನ್ನು ಅದು ಅಗ್ಗವಾಗಿ, ಚೆನ್ನಾಗಿ ಮಾಡುತ್ತದೆ. ನನಗೆ ಅದರ ಮೇಲೆ ಇರುವ ಒಂದೇ ತಕರಾರು ಎಂದರೆ ಹೆಂಗಸರನ್ನು ‘ಬಸುರಿನಲ್ಲಿ ಶುಗರ್ ಇತ್ತೇ’ ಎಂದು ಅದು ಕೇಳುವುದಿಲ್ಲ. ಮೂವತ್ತೈದು ತುಂಬದವರಿಗೆ ವಯಸ್ಸಿನ ಅಂಕ ಸೊನ್ನೆ. ಹಾಗಾಗಿ ನಿನ್ನಂಥವಳೊಬ್ಬಳು ಮೂವತ್ತೆರಡನೇ ವಯಸ್ಸಿನಲ್ಲಿ ಲೆಕ್ಕ ಹಾಕಿಕೊಂಡರೆ ಐವತ್ತಕ್ಕೇ ನಿಂತು ನೆಮ್ಮದಿಯಾಗಿ ಮನೆಗೆ ಹೋಗಬಹುದು. ನಾನು ನಮ್ಮಲ್ಲಿ ಹೆಂಗಸರಿಗೆ ಆ ಐದನೇ ಪ್ರಶ್ನೆಯನ್ನು ಬಾಯಲ್ಲೇ ಸೇರಿಸಿ ಕೇಳುತ್ತೇನೆ. ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದೆಯಾ ಅಂತಲೂ ನೋಡುತ್ತೇನೆ. ಸರದ ಕೊಳೆ ಎಂದು ಉಜ್ಜಿ ಉಜ್ಜಿ ಸಾಕಾದ ಎಷ್ಟೋ ಹುಡುಗಿಯರಿಗೆ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಇರಬಹುದೆಂದು ಗೊತ್ತೇ ಇರುವುದಿಲ್ಲ.

ಇಷ್ಟೆಲ್ಲ ಯಾಕೆ, ಬಾಯಾರಿಕೆ, ಸುಸ್ತು, ಪದೇ ಪದೇ ಮೂತ್ರ ಶುರುವಾದರೆ ಆಗ ನೋಡಿದರಾಯಿತು ಅನ್ನಿಸಬಹುದು. ಅಪ್ಪನೂ ಹಾಗೇ ಅಂದುಕೊಂಡಿದ್ದರು. ಅಜ್ಜಿಯ ಕಾಲದಲ್ಲಿ ಬಚ್ಚಲಿನಲ್ಲಿ ಇರುವೆ ಮುತ್ತಿದರೆ ಸಿಹಿಮೂತ್ರ ಎಂದು ತಿಳಿಯುತ್ತಿದ್ದರು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲಷ್ಟೇ ಮೂತ್ರಕ್ಕೆ ಅದು ಸೋರುತ್ತದೆ. ಅದರ ಹಿಂದೆ ನೀರೂ ಹೋಗುತ್ತದೆ, ಬಾಯಾರಿಕೆ ಹುಟ್ಟುತ್ತದೆ. ಇರುವೆಗಳು ಬರುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಅಪ್ಪನ ವಿಷಯ ತಿಳಿದದ್ದು ಕಣ್ಣಿನ ಪೊರೆ ತೆಗೆಸಲು ಹೋದಾಗ. ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, ‘ಎಷ್ಟು ವರ್ಷದಿಂದ ಶುಗರ್ ಇದೆ’ ಎಂದು ಕೇಳಿದರು. ಅಪ್ಪನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಕ್ಷಿಪಟಲದ ರಕ್ತನಾಳಗಳು ಆಗಲೇ ಕೆಟ್ಟಿದ್ದವು. ಬ್ರಿಟನ್ನಿನಲ್ಲಿ ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಕಾಯಿಲೆ ಪತ್ತೆಯಾದ ದಿನವೇ ಇನ್ಸುಲಿನ್ ತಯಾರಿಸುವ ಜೀವಕೋಶಗಳ ಸಾಮರ್ಥ್ಯ ಸುಮಾರು ಅರ್ಧದಷ್ಟು ಹೋಗಿರುತ್ತದೆ ಎಂದು ಕಂಡುಬಂತು. ಅಪ್ಪನ ಕಾಲಿನ ಹುಣ್ಣಿಗೆ ನಾನು ದಿನಾ ಬ್ಯಾಂಡೇಜು ಕಟ್ಟುತ್ತಿದ್ದಾಗ ನೀನು ಬಾಗಿಲ ಹತ್ತಿರ ನಿಂತು ಅಳುತ್ತಿದ್ದೆ. ಆ ವರ್ಷಗಳನ್ನು ನಿನ್ನ ಮಗಳು ನೋಡಬಾರದು.

ನಮ್ಮ ಊರಿನದೇ ಒಂದು ವಿಷಯ ನಿನಗೆ ಹೇಳಲೇಬೇಕು. ಇಲ್ಲಿ ಮಿಷನ್ ಆಸ್ಪತ್ರೆ ಅನ್ನುತ್ತೇವಲ್ಲ, ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ದಶಕಗಳ ನಂತರ ವೈದ್ಯರು ಆ ಹಳೆಯ ರಿಜಿಸ್ಟರುಗಳನ್ನು ಹಿಡಿದು, ಅದೇ ಶಿಶುಗಳು ಮಧ್ಯವಯಸ್ಸಿಗೆ ಬಂದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಗಿಡ್ಡಗೆ, ಮೈತುಂಬಿಕೊಂಡಿದ್ದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಮಧುಮೇಹ ಹೆಚ್ಚು ಕಂಡಿತು. ತಾಯಿಗೆ ಬಸುರಿನಲ್ಲೇ ಶುಗರ್ ಇದ್ದಿರಬಹುದೇ ಎಂಬ ಪ್ರಶ್ನೆ ಅಲ್ಲಿಂದ ಎದ್ದಿತು. 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರಿಂದ ಹೊಸದಾಗಿ ಶುರುಮಾಡಿದ ಅಧ್ಯಯನವೇ ‘ಮೈಸೂರು ಪಾರ್ಥೆನಾನ್’. ಶುಗರ್ ಇದ್ದ ತಾಯಂದಿರ ಮಕ್ಕಳು ಒಂಬತ್ತು ಹತ್ತು ವರ್ಷಕ್ಕೆ ಬರುವ ಹೊತ್ತಿಗೆ ಅವರ ಮೈಯಲ್ಲಿ ಕೊಬ್ಬು ಹೆಚ್ಚು, ರಕ್ತದಲ್ಲಿ ಇನ್ಸುಲಿನ್ನೂ ಹೆಚ್ಚು ಇತ್ತು. ಜಗತ್ತಿನ ವೈದ್ಯಗ್ರಂಥಗಳು ಉಲ್ಲೇಖಿಸುವ ಈ ಸಂಗತಿ ನಮ್ಮ ಊರಿನ ತಾಯಿ ಮಕ್ಕಳಿಂದ ತಿಳಿದದ್ದು. ನಿನ್ನ ಮಗಳಿಗೆ ಈಗ ಎಂಟು. ಅವಳಿಗೆ ಸೂಜಿ ಚುಚ್ಚಿಸು ಎನ್ನುತ್ತಿಲ್ಲ. ಅವಳ ಕೈಗೆ ಟ್ಯಾಬು ಕೊಡುವ ಸಂಜೆಗಳಲ್ಲಿ ಅರ್ಧವನ್ನಾದರೂ ಆಟದ ಬಯಲಿಗೆ ಕೊಡು, ಅಷ್ಟೇ.

ಈಗ ಯಾವ ಪರೀಕ್ಷೆ ಅನ್ನುವುದು. ಇದನ್ನು ಗಮನವಿಟ್ಟು ಓದು, ಲ್ಯಾಬುಗಳಲ್ಲಿ ಇಲ್ಲಿಯೇ ಎಡವಟ್ಟಾಗುವುದು.

ಬರೀ ಖಾಲಿ ಹೊಟ್ಟೆಯದು ಮಾಡಿಸಿದರೆ ನಮ್ಮವರಲ್ಲಿ ಬಹಳ ಜನ ತಪ್ಪಿಸಿಕೊಂಡುಬಿಡುತ್ತಾರೆ. ಬೆಳಿಗ್ಗೆ 92 ಇದ್ದವರಿಗೆ ಗ್ಲೂಕೋಸ್ ಕುಡಿದ ಎರಡು ಗಂಟೆಯ ಮೇಲೆ 165 ಬರುವುದನ್ನು ನಾನು ನೋಡಿದ್ದೇನೆ. ‘ತಿಂಡಿ ತಿಂದು ಬನ್ನಿ’ ಎಂದು ಹೇಳಿ ಮಾಡುವ ಪರೀಕ್ಷೆಯಲ್ಲಿ ಒಬ್ಬರು ಒಂದು ಇಡ್ಲಿ ತಿಂದು ಬರುತ್ತಾರೆ, ಇನ್ನೊಬ್ಬರು ಮಸಾಲೆ ದೋಸೆ, ಕೇಸರಿಬಾತು ಮುಗಿಸಿ ಬರುತ್ತಾರೆ. ಎರಡನ್ನೂ ಹೋಲಿಸುವುದು ಹೇಗೆ? ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಅನುಕೂಲದ್ದು ನಿಜ, ಉಪವಾಸ ಬೇಡ. ನಿನಗೆ ಅದೊಂದನ್ನೇ ನಂಬಬೇಡ ಅನ್ನುತ್ತೇನೆ. ನಿನ್ನ ಹಿಮೋಗ್ಲೋಬಿನ್ ಯಾವಾಗಲೂ ಹತ್ತರ ಕೆಳಗೇ. ಕಬ್ಬಿಣದ ಕೊರತೆಯಿಂದ ರಕ್ತ ಕಡಿಮೆಯಿದ್ದರೆ ಆ ಅಂಕಿ ಇಲ್ಲದ ಸಕ್ಕರೆಯನ್ನೂ ಇದೆ ಎಂಬಂತೆ ಮೇಲಕ್ಕೆ ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಇಷ್ಟೊಂದು ಜನಕ್ಕೆ ರಕ್ತಹೀನತೆ ಇರುವಾಗ ಈ ಮಾತನ್ನು ಲ್ಯಾಬಿನ ಗೋಡೆಗೇ ಬರೆದು ಅಂಟಿಸಬೇಕು.

ನಿನಗೆ ಬೇಕಾದ್ದು ಬಸುರಿನಲ್ಲಿ ಮಾಡಿದ ಆ ಸಿಹಿ ನೀರಿನ ಪರೀಕ್ಷೆಯೇ, ಈ ಸಲ ಖಾಲಿ ಹೊಟ್ಟೆಯಲ್ಲಿ. ಮೂರು ದಿನ ಮೊದಲಿಂದ ಯಾವತ್ತಿನಂತೆ ಅನ್ನ, ಮುದ್ದೆ, ಚಪಾತಿ ತಿನ್ನು. ಪರೀಕ್ಷೆ ಇದೆ ಅಂತ ಊಟ ಬಿಟ್ಟರೆ ಫಲಿತಾಂಶವೇ ಕೆಡುತ್ತದೆ. ರಾತ್ರಿ ಊಟದ ನಂತರ ಎಂಟು ಹತ್ತು ಗಂಟೆ ನೀರು ಬಿಟ್ಟು ಏನೂ ಬೇಡ. ಬೆಳಿಗ್ಗೆ ಒಮ್ಮೆ ರಕ್ತ ಕೊಡು. ಆಮೇಲೆ 75 ಗ್ರಾಂ ಗ್ಲೂಕೋಸ್ ಕಲಸಿದ ನೀರನ್ನು ಐದು ನಿಮಿಷದೊಳಗೆ ಕುಡಿ. ನಿಂಬೆಹಣ್ಣು ಹಿಂಡಿಕೊಂಡರೆ ಕುಡಿಯಲು ಸುಲಭ. ಎರಡು ಗಂಟೆ ಅಲ್ಲೇ ಕೂತಿರು, ಓಡಾಡಬೇಡ, ಲ್ಯಾಪ್‌ಟಾಪು ಬೇಕಿದ್ದರೆ ತಗೊಂಡು ಹೋಗು. ಮತ್ತೆ ರಕ್ತ ಕೊಡು. ಖಾಲಿ ಹೊಟ್ಟೆಯಲ್ಲಿ 126 ಅಥವಾ ಎರಡು ಗಂಟೆಯ ನಂತರ 200 ಮುಟ್ಟಿದರೆ ಮಧುಮೇಹ. ಲಕ್ಷಣಗಳಿಲ್ಲದಿದ್ದರೆ ಇನ್ನೊಂದು ಸಲ ಖಚಿತಪಡಿಸಿಕೊಳ್ಳುತ್ತಾರೆ. ಎರಡು ಗಂಟೆಯದು 140ರಿಂದ 199ರ ಒಳಗಿದ್ದರೆ ಅದು ಮಧುಮೇಹದ ಹೊಸ್ತಿಲು. ನಾನು ನಿನಗಾಗಿ ಇಷ್ಟು ಬರೆಯುತ್ತಿರುವುದು ಆ ಹೊಸ್ತಿಲಿನ ಆಸೆಯಿಂದಲೇ. ಅಲ್ಲಿಂದ ಹಿಂದಿರುಗಬಹುದು.

ಹಿಂದಿರುಗಬಹುದು ಎಂದು ಸುಮ್ಮನೆ ಹೇಳುತ್ತಿಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ಬಳಗ ಇಂಥ ಹೊಸ್ತಿಲಿನಲ್ಲಿದ್ದ 531 ಜನರನ್ನು ತೆಗೆದುಕೊಂಡು ಮೂರು ವರ್ಷ ನೋಡಿತು, 2006ರಲ್ಲಿ ಪ್ರಕಟಿಸಿತು. ಮಾಮೂಲಿ ಸಲಹೆಯಷ್ಟೇ ಪಡೆದವರಲ್ಲಿ ನೂರಕ್ಕೆ 55 ಜನ ಮಧುಮೇಹಿಗಳಾದರು. ದಿನಾ ಅರ್ಧ ಗಂಟೆ ನಡಿಗೆ, ಸಕ್ಕರೆ ಮೈದಾ ಎಣ್ಣೆ ಕಡಿಮೆ, ನಾರಿನಂಶ ಜಾಸ್ತಿ, ಇಷ್ಟನ್ನು ಪಾಲಿಸುವಂತೆ ಪದೇ ಪದೇ ಕೇಳಿ ಬೆನ್ನಿಗೆ ನಿಂತ ಗುಂಪಿನಲ್ಲಿ ಅದು ಸುಮಾರು 39ಕ್ಕೆ ಇಳಿಯಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ, ಆದರೂ ಲಾಭವಾಯಿತು. ತೂಕದ ಯಂತ್ರದ ಮುಂದೆ ನಿಂತು ನಿರಾಶರಾಗುವವರಿಗೆಲ್ಲ ನಾನು ಇದನ್ನು ಹೇಳುತ್ತೇನೆ. ಅದೇ ಬಳಗ ಮುಂದೆ ಕೆಲಸಕ್ಕೆ ಹೋಗುವ ಗಂಡಸರಿಗೆ ಮೊಬೈಲಿಗೆ ಸಂದೇಶ ಕಳಿಸಿ ನೆನಪಿಸಿ ನೋಡಿತು. ಎರಡು ವರ್ಷದಲ್ಲಿ ಸಂದೇಶ ಬಂದವರಲ್ಲಿ ನೂರಕ್ಕೆ 18, ಬಾರದವರಲ್ಲಿ 27 ಜನಕ್ಕೆ ಕಾಯಿಲೆ ಬಂತು. ನಿನ್ನ ಯಜಮಾನರಿಗೆ ದಿನಾ ಸಂದೇಶ ಕಳಿಸುವ ಕೆಲಸ ನನಗಿರಲಿ.

ಇನ್ನೊಂದು ಅಧ್ಯಯನವನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ಸುತ್ತಮುತ್ತ ಅಪಾಯ ಹೆಚ್ಚಿದ್ದ ಇಪ್ಪತ್ತು ಸಾವಿರ ಜನರನ್ನು ಸುಮಾರು ಹತ್ತು ವರ್ಷ ಹಿಂಬಾಲಿಸಿದರು. ಕರೆದು ತಪಾಸಣೆ ಮಾಡಿದ ಕಡೆ, ಮಾಡದ ಕಡೆ, ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ಹಿಡಿದು ತಪಾಸಣೆಯೇ ದಂಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಕುಟುಂಬ ವೈದ್ಯರಿದ್ದಾರೆ, ಕರೆಯದಿದ್ದರೂ ಕಾಯಿಲೆ ಒಂದಲ್ಲ ಒಂದು ದಿನ ಅವರ ಕಣ್ಣಿಗೆ ಬೀಳುತ್ತದೆ. ನಮ್ಮ ನಗರಗಳಲ್ಲಿ ಅಂಥ ವೈದ್ಯರು ಎಷ್ಟು ಜನಕ್ಕಿದ್ದಾರೆ? ಆದರೂ ಆ ಅಧ್ಯಯನದಿಂದ ಒಂದು ಮಾತು ಕಲಿಯಬೇಕು. ರಕ್ತ ಕೊಟ್ಟ ಮಾತ್ರಕ್ಕೆ ಯಾರೂ ಉಳಿಯುವುದಿಲ್ಲ. ಕ್ಯಾಂಪು ನಡೆಸಿ, ಬ್ಯಾನರು ಕಟ್ಟಿ, ನವೆಂಬರ್ 14ರ ಮಧುಮೇಹ ದಿನದಂದು ಫೋಟೋ ತೆಗೆದು, ಚೀಟಿ ಕೊಟ್ಟು ಕಳಿಸಿದರೆ ಅದು ಅರ್ಧ ಕೆಲಸವೂ ಅಲ್ಲ. ಚೀಟಿ ಹಿಡಿದವರ ಜೊತೆ ಮುಂದಿನ ವರ್ಷಗಳಲ್ಲಿ ಯಾರಾದರೂ ಇರಬೇಕು. ನಿನಗೆ ನಾನಿದ್ದೇನೆ.

ಐಸಿಎಂಆರ್ ದೇಶವ್ಯಾಪಿ ನಡೆಸಿದ ಸಮೀಕ್ಷೆಯ ಅಂಕಿಗಳು 2023ರಲ್ಲಿ ಬಂದವು. ಭಾರತದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು, ಹೊಸ್ತಿಲಿನಲ್ಲಿರುವವರು 13.6 ಕೋಟಿ. ನಗರದ ದೊಡ್ಡವರಲ್ಲಿ ನೂರಕ್ಕೆ 16.4, ಹಳ್ಳಿಯಲ್ಲಿ 8.9 ಜನರಿಗೆ ಮಧುಮೇಹ. ಹೊಸ್ತಿಲಿನಲ್ಲಿರುವವರು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಸಮ. ಹಳ್ಳಿಯೂ ಅದೇ ದಾರಿಯಲ್ಲಿದೆ, ನಗರ ನಾಲ್ಕು ಹೆಜ್ಜೆ ಮುಂದಿದೆ.

ನಿಮ್ಮ ಮನೆಗೆ ಅಡುಗೆಗೆ ಬರುವ ಅಮ್ಮನನ್ನೂ ಮರೆಯಬೇಡ. ಅವಳು ನಾಲ್ಕು ಮನೆಯಲ್ಲಿ ನಿಂತು ದುಡಿಯುತ್ತಾಳೆ, ಬೆಳಿಗ್ಗೆ ಉಳಿದ ಅನ್ನ, ಮಧ್ಯೆ ಮಧ್ಯೆ ಸಕ್ಕರೆ ತುಂಬಿದ ಟೀ. ಸರ್ಕಾರದ ಕಾರ್ಯಕ್ರಮದಲ್ಲಿ ಮೂವತ್ತು ದಾಟಿದ ಎಲ್ಲರಿಗೂ ತಪಾಸಣೆ ಉಂಟು, ಬೆಂಗಳೂರಿನಲ್ಲಿ ‘ನಮ್ಮ ಕ್ಲಿನಿಕ್’ಗಳಲ್ಲಿ ಬಿಪಿ, ಶುಗರ್ ಪುಕ್ಕಟೆಯಾಗಿ ನೋಡುತ್ತಾರೆ. ಅವಳು ಹೋಗದಿರುವುದಕ್ಕೆ ಕಾರಣ ಅಜ್ಞಾನವಲ್ಲ, ಒಂದು ಬೆಳಿಗ್ಗೆ ರಜೆ ಹಾಕಿದರೆ ಸಂಬಳ ಕತ್ತರಿಸುತ್ತಾರೆಂಬ ಭಯ. ನೀನು ಸಂಬಳ ಹಿಡಿಯದೆ ಅವಳಿಗೆ ಅರ್ಧ ದಿನ ಬಿಡುವು ಕೊಟ್ಟು ಕಳಿಸು. ಉಳಿದ ಮೂರು ಮನೆಯವರಿಗೂ ಹೇಳು.

ನಿನ್ನ ಆ ಎಪ್ಪತ್ತು ಅಂಕದಲ್ಲಿ ವಯಸ್ಸು ಇಳಿಯುವುದಿಲ್ಲ, ಅಪ್ಪ ಬದಲಾಗುವುದಿಲ್ಲ. ಸೊಂಟದ ಹತ್ತು, ಕುರ್ಚಿಯ ಆ ಮೂವತ್ತು ಮಾತ್ರ ನಿನ್ನ ಕೈಯಲ್ಲಿವೆ. ನಿಯಮಿತವಾಗಿ ಬಿರುಸಾಗಿ ನಡೆದರೆ ಆ ಮೂವತ್ತು ಇಳಿಯುತ್ತದೆ. ರಾತ್ರಿ ಊಟವಾದ ಮೇಲೆ ಅಪಾರ್ಟ್‌ಮೆಂಟಿನ ಕೆಳಗೆ ಮೂವರೂ ಒಂದು ಸುತ್ತು ಹಾಕಿ. ಮುದ್ದೆ ಒಳ್ಳೆಯದು ಅಂತ ಎರಡು ಮುದ್ದೆ ನುಂಗಬೇಡ, ಒಂದೇ ಸಾಕು, ಜೊತೆಗೆ ಸೊಪ್ಪು, ಕಾಳು ಹೆಚ್ಚಿರಲಿ.

ಪರೀಕ್ಷೆ ಸರಿಯಾಗಿಯೇ ಬಂದರೂ ನಿನ್ನಂಥವಳು ಒಂದರಿಂದ ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಇದು ಜೀವಮಾನದ ಲೆಕ್ಕ. ಬರುವ ಶನಿವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇಬ್ಬರೂ ಹೋಗಿ. ಬಸುರಿನಲ್ಲಿ ಶುಗರ್ ಇತ್ತು ಎಂದು ನೀನಾಗಿಯೇ ಬಾಯಿಬಿಟ್ಟು ಹೇಳು, ಅವರು ಕೇಳಲಿ ಅಂತ ಕಾಯಬೇಡ. ಖಾಲಿ ಹೊಟ್ಟೆಯದು, ಎರಡು ಗಂಟೆಯದು, ಎರಡೂ ಅಂಕಿ ನನಗೆ ಕಳಿಸು. ‘ನಾರ್ಮಲ್’ ಅನ್ನುವ ಮಾತೊಂದನ್ನೇ ಕಳಿಸಬೇಡ.

ನಿನ್ನ
ಅಕ್ಕ